ಆಬ್ಜೆಕ್ಟ್ ಓರಿಯೆಂಟೆಡ್ ಕಲಿಕೆ: ಯಾವ ಪುಸ್ತಕ, ಯಾವ ದಾರಿ?

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ವನಗೂರಿನಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ವಿಷಯದ ಮೇಲೆ ನಾನು ಮಾತನಾಡುತ್ತೇನೆ ಎಂದು ತಿಳಿದಾಗ ಕೆಲವರಿಗೆ ಆಶ್ಚರ್ಯವಾಗಿರಬಹುದು. ಉರ್ದು, ಕನ್ನಡ ಪಾಠ ಹೇಳುವವರಿಗೂ ಸಾಫ್ಟ್‌ವೇರಿಗೂ ಎಲ್ಲಿಯ ಸಂಬಂಧ? ಸಂಬಂಧ ಇದೆ. ನಮ್ಮ ಕಡೆಯಿಂದ ಹಾಸನ, ಮೈಸೂರು, ಮಂಗಳೂರಿಗೆ ಹೋಗಿ ಬಿ.ಸಿ.ಎ., ಡಿಪ್ಲೊಮಾ, ಎಂಜಿನಿಯರಿಂಗ್ ಓದುತ್ತಿರುವ ಮಕ್ಕಳು ರಜೆಗೆ ಬಂದಾಗ ಶಾಲೆಯ ಹತ್ತಿರ ಬಂದು ಮಾತನಾಡಿಸುತ್ತಾರೆ. ಅವರಲ್ಲಿ ಹಲವರ ಮಾತು ಒಂದೇ. "ಜಾವಾ ಓದಿದ್ದೇವೆ, ಅಂಕವೂ ಬಂದಿದೆ. ಆದರೆ ಸಂದರ್ಶನದಲ್ಲಿ ಒಂದು ಸಣ್ಣ ಅಂಗಡಿಯ ಲೆಕ್ಕಕ್ಕೆ ಕ್ಲಾಸ್‌ಗಳನ್ನು ವಿನ್ಯಾಸ ಮಾಡಿ ಎಂದರೆ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯುವುದಿಲ್ಲ. ಇನ್ನೇನು ಓದಬೇಕು?" ಅವರ ತಂದೆ ತಾಯಿಯರ ಪ್ರಶ್ನೆ ಬೇರೆ. "ಬೆಂಗಳೂರಿನಲ್ಲಿ ಕೋರ್ಸಿಗೆ ಸೇರಬೇಕಂತೆ. ಫೀಸಿಗೆ ಸಾಲ ಮಾಡೋದಾ, ಬೇಡವಾ?"

ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಲು ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳನ್ನು ಕೇಳಿ, ಅವರು ಹೇಳಿದ ಪುಸ್ತಕಗಳನ್ನು ಕೂತು ಓದಿ, ತಿಳಿದುಕೊಂಡದ್ದನ್ನು ತಮ್ಮ ಮುಂದೆ ಇಡುತ್ತಿದ್ದೇನೆ. ಸಾರಾಂಶವನ್ನು ಮೊದಲೇ ಹೇಳಿಬಿಡುತ್ತೇನೆ. ಕಲಿಯುವ ಸಾಮಗ್ರಿಗೆ ಇಂದು ಬರವಿಲ್ಲ. ಬಹುಪಾಲು ಉಚಿತವಾಗಿಯೇ ಸಿಗುತ್ತದೆ. ನಮ್ಮ ಮಕ್ಕಳಿಗೆ ಇಲ್ಲದಿರುವುದು ಎರಡು. ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಓದಬೇಕೆಂಬ ಕ್ರಮ. ಮತ್ತು ಬರೆದದ್ದನ್ನು ಓದಿ ತಿದ್ದುವ ಒಬ್ಬ ಮನುಷ್ಯ.

ಮೊದಲು ಈ ವಿದ್ಯೆ ಎಲ್ಲಿಂದ ಬಂತು ಎಂಬುದನ್ನು ನೋಡೋಣ. 1960ರ ದಶಕದಲ್ಲಿ ನಾರ್ವೆ ದೇಶದ ಓಸ್ಲೋ ನಗರದಲ್ಲಿ ಓಲೆ ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ಎಂಬಿಬ್ಬರು ಸಿಮ್ಯುಲಾ ಎಂಬ ಕಂಪ್ಯೂಟರ್ ಭಾಷೆಯನ್ನು ರೂಪಿಸಿದರು. ಹೊರಗಿನ ಲೋಕದಲ್ಲಿ ನಡೆಯುವ ಕೆಲಸವನ್ನು ಕಂಪ್ಯೂಟರಿನೊಳಗೆ ನಡೆಸಿ ನೋಡುವುದು ಅವರ ಉದ್ದೇಶವಾಗಿತ್ತು. ಕ್ಲಾಸ್, ಆಬ್ಜೆಕ್ಟ್, ಇನ್‌ಹೆರಿಟೆನ್ಸ್ ಎಂಬ ಕಲ್ಪನೆಗಳು ಸಿಮ್ಯುಲಾ 67ರಲ್ಲಿ ಬಂದವು. 1970ರ ದಶಕದಲ್ಲಿ ಅಮೆರಿಕದ ಅಲನ್ ಕೇ ಮತ್ತು ಸಂಗಡಿಗರು ಸ್ಮಾಲ್‌ಟಾಕ್ ಭಾಷೆಯ ಮೂಲಕ ಇದನ್ನು ಬೆಳೆಸಿದರು. 1979ರಲ್ಲಿ ಬಿಯಾರ್ನೆ ಸ್ಟ್ರೌಸ್ಟ್ರಪ್ ಶುರು ಮಾಡಿದ ಕೆಲಸ ಸಿ++ ಆಯಿತು. 1991ರಲ್ಲಿ ಪೈಥಾನ್, 1995ರಲ್ಲಿ ಜಾವಾ ಹೊರಬಂದವು. ಅಂದರೆ ಭಾಷೆಗಳು ಬರುತ್ತಲೇ ಇರುತ್ತವೆ. ಒಳಗಿನ ವಿಚಾರಕ್ಕೆ ಅರವತ್ತು ವರ್ಷ ಸಮೀಪಿಸಿದೆ. ಆ ವಿಚಾರವನ್ನು ಹಿಡಿದವನಿಗೆ ಭಾಷೆ ಬದಲಾದರೂ ಭಯವಿಲ್ಲ.

ಆ ವಿಚಾರ ಯಾವುದು? ನಮ್ಮ ಕಾಫಿ ಮಂಡಿಯನ್ನೇ ತೆಗೆದುಕೊಳ್ಳೋಣ. ಬೆಳೆಗಾರರು ರೊಬಸ್ಟಾ ಚೆರ್ರಿ ತರುತ್ತಾರೆ, ಅರೇಬಿಕಾ ಪಾರ್ಚ್‌ಮೆಂಟ್ ತರುತ್ತಾರೆ, ಕಾಳುಮೆಣಸು ತರುತ್ತಾರೆ. ಚೆರ್ರಿಗೆ 50 ಕೆ.ಜಿ. ಚೀಲದಿಂದ ಎಷ್ಟು ಬೀಜ ಇಳಿಯುತ್ತದೆ ಎಂಬ ಔಟ್‌ಟರ್ನ್ ಲೆಕ್ಕ. ಮೆಣಸಿಗೆ ಕೆ.ಜಿ. ಲೆಕ್ಕ, ತೇವಾಂಶ, ಲೀಟರ್ ತೂಕ ನೋಡಿ ದರ. ಇದಕ್ಕೆ ಪ್ರೋಗ್ರಾಂ ಬರೆ ಎಂದರೆ ಹೊಸಬ ಏನು ಮಾಡುತ್ತಾನೆ? "ಮಾಲು ಚೆರ್ರಿ ಆಗಿದ್ದರೆ ಹೀಗೆ, ಮೆಣಸು ಆಗಿದ್ದರೆ ಹಾಗೆ" ಎಂದು ಒಂದೇ ಉದ್ದದ ಪಟ್ಟಿ ಬರೆಯುತ್ತಾನೆ. ಬಿಲ್ ಮಾಡುವಲ್ಲಿ ಒಂದು ಪಟ್ಟಿ, ದಾಸ್ತಾನು ಲೆಕ್ಕದಲ್ಲಿ ಇನ್ನೊಂದು, ವರ್ಷದ ವರದಿಯಲ್ಲಿ ಮತ್ತೊಂದು. ಕೆಲಸ ನಡೆಯುತ್ತದೆ. ನಾಳೆ ಮಂಡಿಯವರು "ಏಲಕ್ಕಿಯನ್ನೂ ಕೊಳ್ಳುತ್ತೇವೆ" ಎನ್ನುತ್ತಾರೆ. ಆಗ ಮೂರೂ ಕಡೆ ಬಿಚ್ಚಿ ಹೊಲಿಯಬೇಕು. ಒಂದು ಕಡೆ ಮರೆತರೆ ಬೆಳೆಗಾರನ ದುಡ್ಡು ತಪ್ಪುತ್ತದೆ.

ಆಬ್ಜೆಕ್ಟ್ ದಾರಿಯಲ್ಲಿ ನಡೆಯುವವನು ಪ್ರತಿ ಮಾಲಿಗೂ ಒಂದು ಕ್ಲಾಸ್ ಮಾಡಿ, "ನಿನ್ನ ಬೆಲೆಯನ್ನು ನೀನೇ ಹೇಳು" ಎಂಬ ಜವಾಬ್ದಾರಿಯನ್ನು ಅದಕ್ಕೇ ಕೊಡುತ್ತಾನೆ. ಬಿಲ್ ಮಾಡುವ ಭಾಗ ಬೆಲೆ ಎಷ್ಟು ಎಂದು ಮಾತ್ರ ಕೇಳುತ್ತದೆ. ಎದುರಿಗಿರುವುದು ಚೆರ್ರಿಯೋ ಮೆಣಸೋ ಎಂಬ ಚಿಂತೆ ಅದಕ್ಕಿಲ್ಲ. ಏಲಕ್ಕಿ ಬಂದರೆ ಏಲಕ್ಕಿಯ ಕ್ಲಾಸ್ ಸೇರಿಸಿ, ಮಾಲು ಒಳಬರುವ ಒಂದು ಕಡೆ ಅದರ ಹೆಸರು ಹೇಳಿದರೆ ಸಾಕು. ಲೆಕ್ಕ ಮಾಡುವ ಹಳೆಯ ಭಾಗಗಳನ್ನು ಮುಟ್ಟಬೇಕಾಗಿಲ್ಲ. ಪುಸ್ತಕದಲ್ಲಿ ಪಾಲಿಮಾರ್ಫಿಸಂ ಎಂದು ಬಾಯಿಪಾಠ ಮಾಡಿದ್ದು ಇದನ್ನೇ. ಬೆಲೆ ಕಟ್ಟುವ ಗುಟ್ಟು ಆ ಮಾಲಿನ ಒಳಗೇ ಇರಲಿ ಎಂಬುದು ಎನ್‌ಕ್ಯಾಪ್ಸುಲೇಷನ್. ಈ ಶಬ್ದಗಳ ವ್ಯಾಖ್ಯೆ ಹೇಳಿದರೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ. ಯಾವ ಜವಾಬ್ದಾರಿ ಯಾರಿಗೆ ಸೇರಬೇಕೆಂದು ತೀರ್ಮಾನಿಸಲು ಬಂದರೆ ಕೆಲಸ ಸಿಗುತ್ತದೆ.

ಇನ್ನು ಓದುವ ಕ್ರಮಕ್ಕೆ ಬರುತ್ತೇನೆ. ಬಿ.ಎಡ್.ನಲ್ಲಿ ನಮಗೆ ಹೇಳಿಕೊಟ್ಟ ಸೂತ್ರ ಇಲ್ಲಿಗೂ ಸಲ್ಲುತ್ತದೆ: ಸರಳದಿಂದ ಸಂಕೀರ್ಣಕ್ಕೆ, ತಿಳಿದದ್ದರಿಂದ ತಿಳಿಯದಿರುವುದರ ಕಡೆಗೆ.

ಮೊದಲ ಮೆಟ್ಟಿಲು ಭಾಷೆ. ನಮ್ಮ ಕಾಲೇಜುಗಳಲ್ಲಿ ಇ. ಬಾಲಗುರುಸಾಮಿ ಅವರ ಪುಸ್ತಕಗಳು ಬಹಳ ಕಾಲದಿಂದ ಬಳಕೆಯಲ್ಲಿವೆ. ಅಷ್ಟರಿಂದ ಶುರು ಮಾಡಬಹುದು. ಕೇಳಿ ಕಲಿಯುವವರಿಗೆ ಮುಂಬಯಿಯ ಐ.ಐ.ಟಿ.ಯಲ್ಲಿ ರೂಪುಗೊಂಡ ಸ್ಪೋಕನ್ ಟ್ಯುಟೋರಿಯಲ್ ಇದೆ. ಪಾಠ ನೋಡುತ್ತಾ ಪಕ್ಕದಲ್ಲೇ ಮಾಡುತ್ತಾ ಹೋಗುವ ಸಣ್ಣ ಸಣ್ಣ ವಿಡಿಯೋಗಳು. ಅನೇಕ ಪಾಠಗಳಿಗೆ ಕನ್ನಡ ಧ್ವನಿಯೂ ಇದೆ. ಇವುಗಳನ್ನು ಇಳಿಸಿಕೊಂಡು ನೆಟ್‌ವರ್ಕ್ ಇಲ್ಲದಾಗಲೂ ನೋಡಬಹುದು. ಬಿಸಿಲೆ ಕಡೆಯ ಮನೆಗಳಲ್ಲಿ ಫೋನಿನ ಸಿಗ್ನಲ್ಲಿಗಾಗಿ ಗುಡ್ಡ ಹತ್ತುವ ಮಕ್ಕಳಿಗೆ ಇದು ಸಣ್ಣ ಅನುಕೂಲವಲ್ಲ. ಎನ್.ಪಿ.ಟಿ.ಇ.ಎಲ್. ಎಂಬುದು ಐ.ಐ.ಟಿ.ಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಯೋಜನೆ. ಅದರಲ್ಲಿ ಖರಗ್‌ಪುರ ಐ.ಐ.ಟಿ.ಯ ದೇಬಾಸಿಸ್ ಸಾಮಂತ ಅವರ ಜಾವಾ ಪಾಠಗಳಿವೆ. ಪಾಠ ಉಚಿತ; ಪ್ರಮಾಣಪತ್ರ ಬೇಕಾದವರು ಮಾತ್ರ ಪರೀಕ್ಷಾ ಶುಲ್ಕ ಕಟ್ಟಬೇಕು. ಇನ್ಫೋಸಿಸ್ ಸಂಸ್ಥೆಯ ಸ್ಪ್ರಿಂಗ್‌ಬೋರ್ಡ್ ಕೂಡ ಉಚಿತವೇ. ಕಂಪ್ಯೂಟರಿನಲ್ಲಿ ಅಭ್ಯಾಸ ಮಾಡಲು ಬ್ಲೂಜೆ ಎಂಬ ಉಚಿತ ತಂತ್ರಾಂಶವಿದೆ. ಮೈಕೆಲ್ ಕೋಲಿಂಗ್ ಮತ್ತು ಜಾನ್ ರೋಸೆನ್‌ಬರ್ಗ್ ಇದನ್ನು ವಿದ್ಯಾರ್ಥಿಗಳಿಗೆಂದೇ ಮಾಡಿದರು. ಕ್ಲಾಸ್‌ಗಳು ಪೆಟ್ಟಿಗೆಗಳಾಗಿ ಪರದೆಯ ಮೇಲೆ ಕಾಣುತ್ತವೆ. ಒಂದರಿಂದ ಆಬ್ಜೆಕ್ಟ್ ಮಾಡಿ, ಅದಕ್ಕೆ ಹೇಳಿದ ಕೆಲಸ ಮಾಡುತ್ತದೆಯೇ ಎಂದು ಅಲ್ಲೇ ನೋಡಬಹುದು. ಇಂಗ್ಲಿಷ್ ಓದಲು ಕಷ್ಟವೆನ್ನುವವರಿಗೆ ಕ್ಯಾಥಿ ಸಿಯೆರಾ ಮತ್ತು ಬರ್ಟ್ ಬೇಟ್ಸ್ ಬರೆದ 'ಹೆಡ್ ಫಸ್ಟ್ ಜಾವಾ' ಒಳ್ಳೆಯದು. ಚಿತ್ರ ಹೆಚ್ಚು, ಮಾತು ಸರಳ. 2003ರಲ್ಲಿ ಮೊದಲು ಬಂದ ಪುಸ್ತಕ. 2022ರ ಮೂರನೇ ಆವೃತ್ತಿಯನ್ನೇ ಕೊಳ್ಳಿ.

ಇಲ್ಲಿ ಭಾಷಾ ಶಿಕ್ಷಕರ ಒಂದು ಮಾತು. ಪಾರಿಭಾಷಿಕ ಪದಗಳಿಗೆ ಒಂದು ನೋಟ್‌ಪುಸ್ತಕ ಇಡಿ. ಪ್ರತಿ ಪದದ ಮುಂದೆ ನಿಮ್ಮ ಮನೆಮಾತಿನಲ್ಲಿ ಎರಡು ಸಾಲಿನ ವಿವರಣೆ ಬರೆಯಿರಿ. ಕ್ಲಾಸ್ ಎಂದರೆ ತರಗತಿಯಲ್ಲ, ಇಟ್ಟಿಗೆಯ ಅಚ್ಚು. ಆಬ್ಜೆಕ್ಟ್ ಎಂದರೆ ಅದರಿಂದ ತೆಗೆದ ಇಟ್ಟಿಗೆ. ಇನ್‌ಹೆರಿಟೆನ್ಸ್ ಎಂದ ಕೂಡಲೇ ನಮಗೆ ವಿರಾಸತ್ ನೆನಪಾಗುತ್ತದೆ. ಆದರೆ ತಂದೆಯ ಜಮೀನು ಮಗನಿಗೆ ಹೋದ ಮೇಲೆ ತಂದೆಯ ಹೆಸರಿನಲ್ಲಿ ಉಳಿಯುವುದಿಲ್ಲ. ಪ್ರೋಗ್ರಾಮಿನಲ್ಲಿ ಅದು ತಂದೆಯ ಬಳಿಯೂ ಇರುತ್ತದೆ, ಮಕ್ಕಳೆಲ್ಲರಿಗೂ ಸಿಗುತ್ತದೆ. ತಂದೆಯಲ್ಲಿ ಏನಾದರೂ ಬದಲಾದರೆ ಎಲ್ಲ ಮಕ್ಕಳ ಮೇಲೂ ಪರಿಣಾಮವಾಗುತ್ತದೆ. ಹೀಗೆ ತನ್ನ ಮಾತಿನಲ್ಲಿ ಬಿಡಿಸಿ ಹೇಳಲು ಬಂದವನಿಗೆ ಮಾತ್ರ ವಿಷಯ ತಿಳಿದಿದೆ ಎಂದರ್ಥ.

ಎರಡನೇ ಮೆಟ್ಟಿಲು ಆಬ್ಜೆಕ್ಟ್‌ಗಳಲ್ಲಿ ಯೋಚಿಸುವುದು. ಇದಕ್ಕೆ ಕಂಪ್ಯೂಟರೇ ಬೇಡ. 1989ರಲ್ಲಿ ಕೆಂಟ್ ಬೆಕ್ ಮತ್ತು ವಾರ್ಡ್ ಕನಿಂಗ್‌ಹ್ಯಾಮ್ ಎಂಬುವರು ಒಂದು ಪ್ರಬಂಧದಲ್ಲಿ ಸಿ.ಆರ್.ಸಿ. ಕಾರ್ಡ್ ಎಂಬ ಉಪಾಯ ಹೇಳಿದರು. ಪ್ರತಿ ಕ್ಲಾಸಿಗೆ ಒಂದು ರಟ್ಟಿನ ಚೀಟಿ. ಮೇಲೆ ಅದರ ಹೆಸರು, ಎಡಗಡೆ ಅದರ ಜವಾಬ್ದಾರಿ, ಬಲಗಡೆ ಅದು ಯಾರ ಸಹಾಯ ಪಡೆಯುತ್ತದೆ ಎಂಬುದು. ಇಷ್ಟೇ. ಚೀಟಿ ಚಿಕ್ಕದಾಗಿರಬೇಕು, ಬರೆಯಲು ಜಾಗ ಸಾಲದಿದ್ದರೆ ಆ ಕ್ಲಾಸಿನ ತಲೆಯ ಮೇಲೆ ಹೊರೆ ಹೆಚ್ಚಾಗಿದೆ ಎಂದು ತಿಳಿಯಬೇಕು. ಆಷಾಢದ ಮಳೆಯಲ್ಲಿ ಮೂರು ದಿನ ಕರೆಂಟ್ ಇಲ್ಲದಿದ್ದರೂ ಐದು ಮಕ್ಕಳು ಸುತ್ತ ಕೂತು ಒಬ್ಬ ಮಂಡಿ, ಒಬ್ಬ ಚೀಟಿ, ಒಬ್ಬ ಚೆರ್ರಿ, ಒಬ್ಬ ಮೆಣಸು, ಒಬ್ಬ ಬೆಳೆಗಾರನಾಗಿ ಒಂದು ಲೋಡಿನ ವ್ಯವಹಾರವನ್ನು ಆಡಿ ನೋಡಬಹುದು. ಯಾರೊಬ್ಬನೇ ಎಲ್ಲ ಮಾತನ್ನೂ ಆಡುತ್ತಿದ್ದಾನೋ ಅಲ್ಲಿ ವಿನ್ಯಾಸ ಕೆಟ್ಟಿದೆ ಎಂದು ಎಲ್ಲರ ಕಣ್ಣಿಗೂ ಕಾಣುತ್ತದೆ.

ಈ ಆಟದಲ್ಲಿ ಒಂದು ಒಳ್ಳೆಯ ಪ್ರಶ್ನೆ ಏಳುತ್ತದೆ. ಮಕ್ಕಳು ವ್ಯಕ್ತಿ ಎಂಬ ಕ್ಲಾಸ್ ಮಾಡಿ, ಅದರ ಕೆಳಗೆ ಬೆಳೆಗಾರ, ವ್ಯಾಪಾರಿ ಎಂದು ಎರಡು ಕವಲು ಮಾಡುತ್ತಾರೆ. ನಮ್ಮ ಕಡೆ ಸ್ವಂತ ತೋಟವೂ ಇದ್ದು ಅಕ್ಕಪಕ್ಕದವರ ಮೆಣಸನ್ನೂ ಕೊಳ್ಳುವವರು ಎಷ್ಟು ಜನರಿಲ್ಲ! ಅವರನ್ನು ಯಾವ ಕವಲಿಗೆ ಸೇರಿಸುವುದು? ಮನುಷ್ಯ ಒಬ್ಬನೇ, ಅವನು ವಹಿಸುವ ಪಾತ್ರಗಳು ಎರಡು. ಪಾತ್ರವನ್ನು ಬೇರೆ ಆಬ್ಜೆಕ್ಟ್ ಮಾಡಿ ಅವನಿಗೆ ಜೋಡಿಸಿದರೆ ಸಮಸ್ಯೆ ತೀರುತ್ತದೆ. ಎಲ್ಲದಕ್ಕೂ ಇನ್‌ಹೆರಿಟೆನ್ಸ್ ಬಳಸಬೇಡಿ, ಜೋಡಣೆಯಿಂದ ಆಗುವುದನ್ನು ಜೋಡಣೆಯಿಂದಲೇ ಮಾಡಿ ಎಂದು ದೊಡ್ಡ ಗ್ರಂಥಗಳು ಹೇಳುವುದು ಇದನ್ನೇ.

ಮೂರನೇ ಮೆಟ್ಟಿಲು ತಿದ್ದುವುದು. ಇದೇ ಮುಖ್ಯವಾದ ಮೆಟ್ಟಿಲು. ನಮ್ಮ ಮಕ್ಕಳು ಹಾರಿ ಹೋಗುವುದೂ ಇದನ್ನೇ. ಪ್ರೋಗ್ರಾಂ ಓಡಿತು, ಉತ್ತರ ಸರಿ ಬಂತು, ಲ್ಯಾಬ್ ರೆಕಾರ್ಡಿಗೆ ಸಹಿ ಬಿತ್ತು, ಅಲ್ಲಿಗೆ ಮುಗಿಯಿತು. ಕಂಪನಿಗಳಲ್ಲಿ ಕೆಲಸ ಆರಂಭವಾಗುವುದೇ ಅಲ್ಲಿಂದ. ಬೇರೆ ಯಾರೋ ಬರೆದ ಪ್ರೋಗ್ರಾಮನ್ನು ಓದಿ, ಅದರ ಫಲಿತಾಂಶ ಕೆಡದಂತೆ ಒಳಗಿನ ರಚನೆಯನ್ನು ಸುಧಾರಿಸಬೇಕು. ಇದಕ್ಕೆ ರಿಫ್ಯಾಕ್ಟರಿಂಗ್ ಎನ್ನುತ್ತಾರೆ. ಈ ಹೆಸರಿನ ಪುಸ್ತಕವನ್ನು ಮಾರ್ಟಿನ್ ಫೌಲರ್ 1999ರಲ್ಲಿ ಪ್ರಕಟಿಸಿದರು. 2018ರಲ್ಲಿ ಎರಡನೇ ಆವೃತ್ತಿ ಬಂತು. ಕೆಟ್ಟ ರಚನೆಯ ಗುರುತುಗಳು ಯಾವುವು, ಒಂದೊಂದು ಗುರುತಿಗೂ ಯಾವ ಸಣ್ಣ ತಿದ್ದುಪಡಿ ಎಂದು ಅದರಲ್ಲಿ ಹಂತ ಹಂತವಾಗಿ ಕೊಟ್ಟಿದ್ದಾರೆ.

ಈ ಫೌಲರ್ ಅವರು ನಮಗೆ ತೀರ ದೂರದವರಲ್ಲ. ಅವರು ಕೆಲಸ ಮಾಡುವ ಥಾಟ್‌ವರ್ಕ್ಸ್ ಸಂಸ್ಥೆ 2001ರಲ್ಲಿ ಬೆಂಗಳೂರಿನಲ್ಲಿ ಕಚೇರಿ ತೆರೆಯಿತು. ಅಮೆರಿಕದಲ್ಲಿರುವವರೂ ಬೆಂಗಳೂರಿನಲ್ಲಿರುವವರೂ ಒಂದೇ ಪ್ರೋಗ್ರಾಮಿನ ಮೇಲೆ ಹೇಗೆ ಕೂಡಿ ಕೆಲಸ ಮಾಡಬಹುದು ಎಂಬ ಅನುಭವವನ್ನು ಅವರು ಒಂದು ಲೇಖನದಲ್ಲಿ ಬರೆದಿದ್ದಾರೆ. ಅವರ ಜಾಲತಾಣದಲ್ಲಿ ಉಚಿತವಾಗಿ ಓದಬಹುದು. ಏನು ಬೇಕು ಎಂಬುದನ್ನು ಪರೀಕ್ಷೆಗಳ ರೂಪದಲ್ಲಿ ಬರೆದು ಕಳುಹಿಸಿದರೆ ತಪ್ಪು ತಿಳಿವಳಿಕೆ ಕಡಿಮೆಯಾಗುತ್ತದೆ ಎಂಬುದು ಅದರಲ್ಲಿರುವ ಪಾಠಗಳಲ್ಲಿ ಒಂದು. ನಮ್ಮ ಮಂಡಿಗೂ ಹಾಗೆಯೇ. "ಇಂತಿಷ್ಟು ಚೀಲ, ಇಂತಿಷ್ಟು ಔಟ್‌ಟರ್ನ್, ಇಂತಹ ದರ, ಬರಬೇಕಾದ ಮೊತ್ತ ಇದು" ಎಂದು ಹತ್ತು ಲೆಕ್ಕಗಳನ್ನು ಕೈಯಲ್ಲಿ ಮಾಡಿಟ್ಟು, ತಿದ್ದಿದಾಗಲೆಲ್ಲ ಪ್ರೋಗ್ರಾಂ ಅದೇ ಮೊತ್ತ ಕೊಡುತ್ತದೆಯೇ ಎಂದು ತಾನಾಗಿ ಪರೀಕ್ಷಿಸುವ ವ್ಯವಸ್ಥೆ ಇರಬೇಕು. ಜಾವಾದಲ್ಲಿ ಇದಕ್ಕೆ ಜೆಯುನಿಟ್ ಇದೆ; ಉಚಿತ.

ಅಭ್ಯಾಸಕ್ಕೆ ಗಿಲ್ಡೆಡ್ ರೋಸ್ ಎಂಬ ಪ್ರಸಿದ್ಧ ಲೆಕ್ಕವಿದೆ. ಟೆರ್ರಿ ಹ್ಯೂಸ್ ಮಾಡಿದ್ದು. ಎಮಿಲಿ ಬಾಷ್ ಅದನ್ನು ಹಲವಾರು ಭಾಷೆಗಳಲ್ಲಿ ಗಿಟ್‌ಹಬ್ಬಿನಲ್ಲಿ ಇಟ್ಟಿದ್ದಾರೆ. ಅದೂ ಒಂದು ಅಂಗಡಿಯ ಕಥೆಯೇ! ದಿನ ಕಳೆದಂತೆ ಒಂದೊಂದು ಮಾಲಿನ ಗುಣಮಟ್ಟ ಒಂದೊಂದು ರೀತಿ ಬದಲಾಗುತ್ತದೆ. ಪ್ರೋಗ್ರಾಮೆಲ್ಲ "ಹೀಗಿದ್ದರೆ, ಹಾಗಿದ್ದರೆ" ಎಂಬ ಸಿಕ್ಕು. ಅದಕ್ಕೆ ಹೊಸದೊಂದು ಮಾಲನ್ನು ಸೇರಿಸಬೇಕು. ಮೊದಲು ಪರೀಕ್ಷೆಗಳನ್ನು ಬರೆದು, ಆಮೇಲೆ ಸಿಕ್ಕು ಬಿಡಿಸಿ, ಕೊನೆಗೆ ಹೊಸ ಮಾಲು ಸೇರಿಸಿದವನು ಒಂದು ವಾರದಲ್ಲಿ ಕಲಿಯುವುದು, ಮೂರು ಪುಸ್ತಕ ಬಾಯಿಪಾಠ ಮಾಡಿದರೂ ಬರುವುದಿಲ್ಲ.

ನಾಲ್ಕನೇ ಮೆಟ್ಟಿಲು ಡಿಸೈನ್ ಪ್ಯಾಟರ್ನ್‌ಗಳು. 1994ರಲ್ಲಿ ಎರಿಕ್ ಗಾಮಾ, ರಿಚರ್ಡ್ ಹೆಲ್ಮ್, ರಾಲ್ಫ್ ಜಾನ್ಸನ್, ಜಾನ್ ವ್ಲಿಸೈಡ್ಸ್ ಎಂಬ ನಾಲ್ವರು ಬರೆದ ಗ್ರಂಥದಲ್ಲಿ 23 ಮಾದರಿಗಳಿವೆ. ಮತ್ತೆ ಮತ್ತೆ ಎದುರಾಗುವ ತೊಡಕುಗಳಿಗೆ ಅನುಭವಿಗಳು ಕಂಡುಕೊಂಡ ಪರಿಹಾರಗಳವು. ಇದನ್ನು ಮೊದಲೇ ಓದುವುದು ವ್ಯಾಕರಣ ಅಲಂಕಾರಗಳನ್ನು ಕಲಿತು ಕವಿಯಾಗಲು ಹೊರಟ ಹಾಗೆ. ಕೇಶಿರಾಜನ ಸೂತ್ರಗಳನ್ನೆಲ್ಲ ಬಲ್ಲವನು ಪಂಡಿತನಾಗಬಹುದು. ಕಾವ್ಯಕ್ಕೆ ಬೇರೆ ಅಭ್ಯಾಸ ಬೇಕು. ತೊಡಕನ್ನು ಸ್ವತಃ ಅನುಭವಿಸಿದವನಿಗೆ ಪ್ಯಾಟರ್ನ್ ಔಷಧವಾಗುತ್ತದೆ. ಅನುಭವಿಸದವನು ಆರೋಗ್ಯವಂತನಿಗೂ ಮಾತ್ರೆ ನುಂಗಿಸುತ್ತಾನೆ. ಮೊದಲು 'ಹೆಡ್ ಫಸ್ಟ್ ಡಿಸೈನ್ ಪ್ಯಾಟರ್ನ್ಸ್' ಓದಿ, ನಂತರ ಈ ಮೂಲ ಗ್ರಂಥವನ್ನು ನಿಘಂಟಿನಂತೆ ಬೇಕಾದಾಗ ತೆರೆಯಿರಿ. ಜಾವಾದಲ್ಲೇ ಮುಂದುವರಿಯುವವರು ಜೋಶುವಾ ಬ್ಲಾಕ್ ಅವರ 'ಎಫೆಕ್ಟಿವ್ ಜಾವಾ' ಪುಸ್ತಕದ ಮೂರನೇ ಆವೃತ್ತಿಯನ್ನು ದಿನಕ್ಕೊಂದು ಅಂಶದಂತೆ ಓದಲಿ.

ಈಗ ನಾನು ಮೊದಲು ಹೇಳಿದ ಎರಡನೇ ಕೊರತೆಗೆ ಬರುತ್ತೇನೆ. ಉರ್ದು ಸಾಹಿತ್ಯದಲ್ಲಿ ಇಸ್ಲಾಹ್ ಎಂಬ ಪದ್ಧತಿ ಇದೆ. ಶಾಗಿರ್ದ್ ತನ್ನ ಗಜಲನ್ನು ಉಸ್ತಾದರಿಗೆ ತೋರಿಸುತ್ತಾನೆ. ಉಸ್ತಾದರು ಒಂದು ಪದ ತೆಗೆದು ಇನ್ನೊಂದು ಹಾಕುತ್ತಾರೆ, ಏಕೆ ಎಂದೂ ಹೇಳುತ್ತಾರೆ. ಮಿರ್ಜಾ ಗಾಲಿಬ್ ತಮ್ಮ ಶಿಷ್ಯ ಮುನ್ಷಿ ಹರಗೋಪಾಲ್ ತಫ್ತಾ ಅವರ ಪದ್ಯಗಳನ್ನು ಪತ್ರದ ಮೂಲಕವೇ ತಿದ್ದುತ್ತಿದ್ದರು. ತರುಣ ಇಕ್ಬಾಲ್ ಹೈದರಾಬಾದಿನಲ್ಲಿದ್ದ ದಾಗ್ ದೆಹಲವಿ ಅವರಿಗೆ ಅಂಚೆಯಲ್ಲಿ ಗಜಲ್ ಕಳುಹಿಸಿ ಇಸ್ಲಾಹ್ ಪಡೆದರು. ಸಾಫ್ಟ್‌ವೇರ್ ಜನ ಇಂದು ಕೋಡ್ ರಿವ್ಯೂ ಎನ್ನುವುದು ಇದೇ ಇಸ್ಲಾಹ್. ಅಂಚೆಯ ಜಾಗದಲ್ಲಿ ಗಿಟ್‌ಹಬ್ ಬಂದಿದೆ, ಅಷ್ಟೇ. ನೀವು ಬರೆದದ್ದನ್ನು ಅಲ್ಲಿ ಇಟ್ಟರೆ, ಒಂದೊಂದು ಸಾಲಿನ ಪಕ್ಕದಲ್ಲೂ ಇನ್ನೊಬ್ಬರು ಟಿಪ್ಪಣಿ ಬರೆಯಬಹುದು. ಯಾರೂ ಪರಿಚಯವಿಲ್ಲ ಎನ್ನುವವರಿಗೆ ಎಕ್ಸರ್ಸಿಸಂ ಎಂಬ ಉಚಿತ ತಾಣವಿದೆ. ಅಲ್ಲಿ ಸಣ್ಣ ಸಣ್ಣ ಲೆಕ್ಕಗಳನ್ನು ಮಾಡಿ, ಸ್ವಯಂಸೇವಕರಿಂದ ಸಲಹೆ ಕೇಳಬಹುದು.

ಈಗಿನ ಮಕ್ಕಳು ಇನ್ನೊಂದು ಪ್ರಶ್ನೆ ಕೇಳುತ್ತಾರೆ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಇಷ್ಟೆಲ್ಲ ಏಕೆ, ಕೇಳಿದರೆ ಅದೇ ಬರೆದುಕೊಡುತ್ತದಲ್ಲ ಎಂದು. ನಿಜ, ಮಂಡಿಯ ಪ್ರೋಗ್ರಾಮನ್ನು ಅದು ಒಂದು ನಿಮಿಷದಲ್ಲಿ ಬರೆದುಕೊಡುತ್ತದೆ. ಆದರೆ ನಾಳೆ ಏಲಕ್ಕಿ ಬಂದರೆ ಇದರಲ್ಲಿ ಎಷ್ಟು ಕಡೆ ಕೈ ಹಾಕಬೇಕು ಎಂದು ಕೇಳಬೇಕಾದವರು ನೀವು. ಅದು ಕೊಟ್ಟ ಉತ್ತರ ಸರಿಯೋ ತಪ್ಪೋ ಎಂದು ಹೇಳಬೇಕಾದವರೂ ನೀವೇ. ಬರೆಯುವ ಕೆಲಸ ಹಗುರವಾದಷ್ಟೂ ಓದಿ ತೂಗಿ ನೋಡುವ ಕೆಲಸ ಭಾರವಾಗುತ್ತದೆ. ಅದನ್ನು ಬಳಸಿ, ಬೇಡ ಎನ್ನುವುದಿಲ್ಲ. ಮೊದಲು ನಿಮ್ಮದನ್ನು ಬರೆದು, ಆಮೇಲೆ ಅದರಿಂದ ದೋಷ ಹುಡುಕಿಸಿ, ಅದು ಹೇಳಿದ್ದನ್ನು ನಿಮ್ಮ ಪರೀಕ್ಷೆಗಳಿಂದ ಒರೆಗೆ ಹಚ್ಚಿ ನೋಡಿ.

ಪೋಷಕರ ಪ್ರಶ್ನೆಗೆ ಉತ್ತರ ಬಾಕಿ ಉಳಿಯಿತು. ಸಾಲ ಮಾಡಿ ಕೋರ್ಸಿಗೆ ಸೇರಿಸುವ ಮುನ್ನ ಆ ಸಂಸ್ಥೆಯವರನ್ನು ಮೂರು ಮಾತು ಕೇಳಿ. ನಮ್ಮ ಮಗ ಬರೆದ ಪ್ರೋಗ್ರಾಮನ್ನು ವಾರಕ್ಕೆ ಎಷ್ಟು ಸಲ ಯಾರು ಓದಿ ತಿದ್ದುತ್ತಾರೆ? ಹಳೆಯ ಪ್ರೋಗ್ರಾಮನ್ನು ಸುಧಾರಿಸುವ ಅಭ್ಯಾಸ ಮಾಡಿಸುತ್ತೀರಾ? ಕೋರ್ಸ್ ಮುಗಿದಾಗ ಬೇರೆಯವರಿಗೆ ತೋರಿಸುವಂಥ ಸ್ವಂತ ಕೆಲಸ ಏನು ಉಳಿಯುತ್ತದೆ? ತೃಪ್ತಿಕರ ಉತ್ತರ ಸಿಗದಿದ್ದರೆ, ಅವರು ಮಾರುವ ಪಾಠ ನಿಮ್ಮ ಮನೆಯ ಫೋನಿನಲ್ಲೇ ಪುಕ್ಕಟೆ ಇದೆ ಎಂದು ತಿಳಿಯಿರಿ.

ಕೊನೆಯದಾಗಿ ಸಂಘದ ಮುಂದೆ ಮೂರು ಸಲಹೆಗಳನ್ನು ಇಡುತ್ತೇನೆ. ಒಂದು, ನಾನು ಹೆಸರಿಸಿದ ಪುಸ್ತಕಗಳ ಒಂದೊಂದು ಪ್ರತಿಯನ್ನು ಕೊಂಡು ಒಂದು ಕಪಾಟಿನಲ್ಲಿ ಇಡೋಣ. ಸರದಿಯ ಮೇಲೆ ಮಕ್ಕಳು ಓದಲಿ. ಎರಡು, ಸ್ಪೋಕನ್ ಟ್ಯುಟೋರಿಯಲ್ ಪಾಠಗಳನ್ನು ಇಳಿಸಿ ಪೆನ್‌ಡ್ರೈವಿನಲ್ಲಿ ಹಾಕಿ ಸಿಗ್ನಲ್ ಇಲ್ಲದ ಮನೆಗಳಿಗೆ ಕಳುಹಿಸೋಣ. ಮೂರು, ತಿಂಗಳಿಗೊಂದು ಭಾನುವಾರ ಇಸ್ಲಾಹ್ ಬೈಠಕ್ ಆಗಲಿ. ಕೆಲಸದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬರು ಫೋನಿನ ಮೂಲಕವಾದರೂ ಸೇರಿಕೊಂಡು, ಒಬ್ಬ ವಿದ್ಯಾರ್ಥಿಯ ಪ್ರೋಗ್ರಾಮನ್ನು ಎಲ್ಲರೆದುರು ಓದಿ ತಿದ್ದಲಿ. ಮುಂದಿನ ತಿಂಗಳು ಅದೇ ಪ್ರೋಗ್ರಾಂ ತಿದ್ದಿದ ರೂಪದಲ್ಲಿ ಬರಲಿ. ಹೆಣ್ಣುಮಕ್ಕಳಿಗೂ ಅನುಕೂಲವಾಗುವಂತೆ ಹಗಲು ಹೊತ್ತಿನಲ್ಲಿ, ಬಸ್ಸಿನ ಸಮಯ ನೋಡಿ ಇಟ್ಟುಕೊಳ್ಳೋಣ. ಒಬ್ಬ ವಿದ್ಯಾರ್ಥಿಯ ಕೋರ್ಸಿಗೆ ಆಗುವ ಖರ್ಚಿನಲ್ಲಿ ಇಡೀ ಊರಿನ ಮಕ್ಕಳಿಗೆ ವರ್ಷವಿಡೀ ಈ ಏರ್ಪಾಡು ನಡೆಯುತ್ತದೆ.

ತಮ್ಮ ತಂಗಿಯರೇ, ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಹಿರಿಯರು ಹೇಳಿದ್ದಾರೆ. ಆ ಮುಕ್ಕಾಲು ಬರುವುದು ಬರೆದದ್ದನ್ನು ತೋರಿಸಿ, ತಿದ್ದಿಸಿಕೊಂಡು, ಮತ್ತೆ ಬರೆಯುವುದರಿಂದ. ಈ ರಜೆ ಮುಗಿಯುವುದರೊಳಗೆ ನಿಮ್ಮ ಮನೆಗೆ ಹತ್ತಿರವಾದ ಯಾವುದಾದರೂ ಒಂದು ವ್ಯವಹಾರವನ್ನು, ಮಂಡಿಯೋ ದಿನಸಿ ಅಂಗಡಿಯೋ ಹಾಲಿನ ಡೇರಿಯೋ, ಐದು ಚೀಟಿಗಳಲ್ಲಿ ಬರೆದು ತನ್ನಿ. ಮೊದಲ ಬೈಠಕ್ಕಿಗೆ ಅಷ್ಟು ಸಾಕು.